ಸ್ಕ್ರೋಲ್ ಲಾಕ್: ಕನ್ನಡಕ್ಕೆ ಸಿಕ್ಕ ಖಾಲಿ ಮನೆ

(1/5)
ಫೋಟೋದಲ್ಲಿ ಇರೋದು ನಮ್ಮತ್ತೆಯ ಹಳೇ ಕೀಬೋರ್ಡ್. ಅಕ್ಷರ ಎಲ್ಲ ಸವೆದುಹೋಗಿವೆ. ಬಲಗಡೆ ಮೇಲಿನ ಸಾಲಲ್ಲಿ ಒಂದು ಕೀ ಮೇಲೆ ಕೆಂಪು ನೇಲ್ ಪಾಲಿಶ್ ಚುಕ್ಕಿ ಕಾಣ್ತಿದೆಯಲ್ಲ, ಅದೇ ಸ್ಕ್ರೋಲ್ ಲಾಕ್. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಹುಡುಕಿ ನೋಡಿ. ಹೆಚ್ಚಿನವರಿಗೆ ಸಿಗಲ್ಲ.

ಅತ್ತೆ ಹೊನ್ನಾಳಿಯಲ್ಲಿ ಡಿಟಿಪಿ ಅಂಗಡಿ ಇಟ್ಟು ಇಪ್ಪತ್ತು ವರ್ಷ ಆಗ್ತಾ ಬಂತು. ಅರ್ಜಿ, ಬಾಡಿಗೆ ಕರಾರು, ಲಗ್ನಪತ್ರಿಕೆ, ವೈಕುಂಠ ಸಮಾರಾಧನೆ ಕಾರ್ಡು, ಏನೇ ಬರಲಿ ಟೈಪ್ ಮಾಡ್ತಾರೆ. ಹೊನ್ನಾಳಿ, ಚನ್ನಗಿರಿ ಎರಡೂ 1997ರ ಆಗಸ್ಟ್ 15ರವರೆಗೆ ಶಿವಮೊಗ್ಗ ಜಿಲ್ಲೆ, ಜಗಳೂರು ಚಿತ್ರದುರ್ಗ ಜಿಲ್ಲೆ. ಈಗಲೂ ಕೆಲವು ಅಜ್ಜಂದಿರು ವಿಳಾಸ ಹೇಳುವಾಗ ಹಳೇ ಜಿಲ್ಲೆನೇ ಹೇಳ್ತಾರೆ, ಅತ್ತೆ ಸುಮ್ಮನೆ ದಾವಣಗೆರೆ ಅಂತ ಹೊಡೀತಾರೆ. ಆಮೇಲೆ ನ್ಯಾಮತಿ ಬೇರೆ ತಾಲ್ಲೂಕಾಯ್ತು. ಆಗಲೂ ಎಷ್ಟೋ ಲೆಟರ್‌ಹೆಡ್ ತಿದ್ದಿದ್ದು ಇವರೇ.

ಹೋದ ವರ್ಷ ಡೆಸ್ಕ್‌ಟಾಪ್ ಕೆಟ್ಟು, ಸಾಲ ಮಾಡಿ ಲ್ಯಾಪ್‌ಟಾಪ್ ತಂದರು. ನುಡಿ ಹಾಕಿಸಿದರು. ತೆರೆದು ಕೂತರೆ ಕನ್ನಡ ಆನ್ ಮಾಡೋ ಕೀನೇ ಇಲ್ಲ! ಚನ್ನಗಿರಿಯಿಂದ ಮಗಳ ಲಗ್ನಪತ್ರಿಕೆ ಪ್ರೂಫ್ ನೋಡೋಕೆ ಬಂದಿದ್ದವರು ಮಧ್ಯಾಹ್ನದವರೆಗೂ ಕಾದು, ಬೇಜಾರಾಗಿ ಪಕ್ಕದ ಅಂಗಡಿಗೆ ಹೋದರು. ಸಂಜೆ ಅತ್ತೆ ಫೋನ್ ಮಾಡಿ, "ನಂಗೆ ವಯಸ್ಸಾಯ್ತು ಕಣೇ ಪುಟ್ಟಿ, ಹೊಸದೆಲ್ಲ ತಲೆಗೆ ಹೋಗಲ್ಲ" ಅಂದರು.

ನಂಗೆ ಹೊಟ್ಟೆ ಉರೀತು. ತಪ್ಪು ಅವರದ್ದಲ್ಲ ಅಂತ ಗೊತ್ತಿತ್ತು, ಯಾರದ್ದು ಅಂತ ಗೊತ್ತಿರಲಿಲ್ಲ. ಹಂಗಾಗಿ ಈ ಸಲದ ಸರಣಿ ಕೋಟೆ, ಶಾಸನ ಬಿಟ್ಟು ಒಂದು ಕೀ ಬಗ್ಗೆ.

(2/5)
1981ರಲ್ಲಿ ಐಬಿಎಂ ತನ್ನ ಪಿಸಿ ತಂದಾಗ ಅದರ ಕೀಬೋರ್ಡಲ್ಲಿ 83 ಕೀ. ಫಂಕ್ಷನ್ ಕೀ ಹತ್ತೇ, ಅವೂ ಎಡಗಡೆ ಎರಡು ಸಾಲಲ್ಲಿ. ಎಫ್ 11, ಎಫ್ 12 ಹುಟ್ಟೇ ಇರಲಿಲ್ಲ. ಆದರೆ ಸ್ಕ್ರೋಲ್ ಲಾಕ್ ಆಗಲೇ ಇತ್ತು. ಅದರ ಕೆಲಸ ಇಷ್ಟೇ: ಬಾಣದ ಕೀ ಒತ್ತಿದರೆ ಕರ್ಸರ್ ಓಡಾಡುವ ಬದಲು ಪರದೆಯೇ ಸರಿಯಬೇಕು. ಮೌಸ್ ಇಲ್ಲದ ಕಾಲಕ್ಕೆ ಅದು ಬೇಕಾಗಿತ್ತು.

ಕೆಲವೇ ವರ್ಷಕ್ಕೆ 101 ಕೀಗಳ ದೊಡ್ಡ ಕೀಬೋರ್ಡ್ ಬಂತು. ಫಂಕ್ಷನ್ ಕೀಗಳು ಮೇಲಿನ ಸಾಲಿಗೆ ಹೋಗಿ ಹನ್ನೆರಡಾದವು. ಬಲಗಡೆ ಮೂರು ದೀಪ: ನಮ್, ಕ್ಯಾಪ್ಸ್, ಸ್ಕ್ರೋಲ್. ಮುಂದೆ ಮೌಸ್ ಬಂತು, ಅದಕ್ಕೆ ಚಕ್ರ ಬಂತು, ಸ್ಕ್ರೋಲ್ ಲಾಕಿಗೆ ಕೆಲಸ ಹೋಯ್ತು. ಕೀ ಮಾತ್ರ ಉಳೀತು, ದೀಪದ ಸಮೇತ. ಒಂಥರಾ ನಿವೃತ್ತಿಯಾದ ಮೇಲೂ ದಿನಾ ಆಫೀಸಿಗೆ ಬಂದು ಕುರ್ಚಿ ಮೇಲೆ ಕೂರೋ ಗುಮಾಸ್ತರ ಹಾಗೆ.

ಈ ಖಾಲಿ ಕುರ್ಚಿ ಮೇಲೆ ಕನ್ನಡ ಬಂದು ಕೂತಿತು.

(3/5)
ಇದಕ್ಕಿಂತ ಮುಂಚಿನದೊಂದು ಕತೆ ಇದೆ, ಅದು ನಂಗೆ ತುಂಬಾ ಇಷ್ಟ. ದಕ್ಷಿಣ ಕನ್ನಡದ ಕಿನ್ನಿಕಂಬಳದ ಕೆ. ಪಿ. ರಾವ್ ಅವರು ಇಂಗ್ಲಿಷ್ ಕೀಬೋರ್ಡಲ್ಲೇ ಕನ್ನಡ ಕೂರಿಸೋಕೆ ಹೊರಟಾಗ ಇದ್ದದ್ದು 26 ಅಕ್ಷರದ ಕೀ. ನಮ್ಮದು ಐವತ್ತರ ಹತ್ತಿರ. ಶಿಫ್ಟ್ ಒತ್ತಿದರೆ 52 ಜಾಗ ಆಯ್ತು. ‘ಕೆ’ ಒತ್ತಿದರೆ ಕ, ಶಿಫ್ಟ್ ಜೊತೆ ಖ. ಇದು ಯಾರಿಗಾದರೂ ಹೊಳೀತಿತ್ತೇನೋ. ಜಾಣತನ ಇರೋದು ಉಳಿದವುಗಳಲ್ಲಿ. ಕನ್ನಡದ ಉಚ್ಚಾರಕ್ಕೆ ಬೇಡವಾಗಿದ್ದ ಇಂಗ್ಲಿಷ್ ಅಕ್ಷರಗಳನ್ನ ಅವರು ಮನೆ ಇಲ್ಲದ ನಮ್ಮ ಅಕ್ಷರಗಳಿಗೆ ಕೊಟ್ಟರು. ‘ಕ್ಯೂ’ಗೆ ಟ, ‘ಡಬ್ಲ್ಯು’ಗೆ ಡ, ‘ಎಕ್ಸ್’ಗೆ ಷ. ‘ಎಫ್’ ಕೀ? ಅದು ಒತ್ತು ಕೊಡೋಕೆ, ಅಂದರೆ ಅರ್ಧಾಕ್ಷರ ಮಾಡೋಕೆ. ಎಡಗೈ ತೋರುಬೆರಳು ಸದಾ ಕೂತಿರೋ ಜಾಗದಲ್ಲೇ, ಅತಿ ಹೆಚ್ಚು ಬೇಕಾಗೋ ಕೆಲಸ. ಅಲ್ಪವಿರಾಮ, ಆವರಣ ಚಿಹ್ನೆಯ ಕೀಗಳನ್ನ ಮುಟ್ಟಲೇ ಇಲ್ಲ. (ಕೇಂದ್ರ ಸರ್ಕಾರದ ಇನ್‌ಸ್ಕ್ರಿಪ್ಟ್‌ನಲ್ಲಿ ಚ, ಟ, ಡ, ಯ ಎಲ್ಲ ಆ ಚಿಹ್ನೆಗಳ ಕೀ ಮೇಲೇ ಕೂತಿವೆ.)

ಅವರ ತಂತ್ರಾಂಶದ ಹೆಸರು ‘ಸೇಡಿಯಾಪು’, ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ. ಈ ವಿನ್ಯಾಸವನ್ನೇ ಕೊಂಚ ಬದಲಿಸಿ 2000ದ ಸುಮಾರಿಗೆ ರಾಜ್ಯ ಸರ್ಕಾರ ಅಧಿಕೃತ ಮಾಡಿತು. ಕನ್ನಡ ಗಣಕ ಪರಿಷತ್ತು ಅದೇ ವಿನ್ಯಾಸದ ಮೇಲೆ ನುಡಿ ಮಾಡಿ ಪುಕ್ಕಟೆ ಹಂಚಿತು. ಕಗಪ ಅನ್ನೋ ಹೆಸರು ಪರಿಷತ್ತಿನ ಮೊದಲಕ್ಷರಗಳಿಂದಲೇ ಬಂದದ್ದು. ಇವತ್ತು ಲಿನಕ್ಸ್ ಹಾಕಿದರೂ ಕನ್ನಡದ ಪಟ್ಟಿಯಲ್ಲಿ ಆ ಹೆಸರು ಕಾಣುತ್ತೆ.

(4/5)
ಸರಿ, ಅಕ್ಷರಕ್ಕೆ ಮನೆ ಆಯ್ತು. ಆದರೆ ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿಂದ ಕನ್ನಡಕ್ಕೆ ಹೋಗಿಬರೋಕೆ ಬಾಗಿಲು ಯಾವುದು? ಸರ್ವೆ ನಂಬರ್, ಇಮೇಲ್, ಆಧಾರ್, ಒಂದು ಅರ್ಜಿಯಲ್ಲಿ ಅತ್ತೆ ಹತ್ತು ಸಲ ಆ ಕಡೆ ಈ ಕಡೆ ಹೋಗಬೇಕು.

ಜಪಾನಿನ ಕೀಬೋರ್ಡಲ್ಲಿ ಒಂದರ ಅಂಕಿಯ ಪಕ್ಕ ಇದಕ್ಕಂತಲೇ ಒಂದು ಕೀ ಇದೆ. ಕೊರಿಯಾದ್ದರಲ್ಲಿ ಸ್ಪೇಸ್ ಬಾರ್ ಬಲಕ್ಕೆ ಇನ್ನೊಂದು. ಜರ್ಮನಿಯಲ್ಲಿ ‘ವೈ’ ಮತ್ತು ‘ಝೆಡ್’ ಅದಲುಬದಲು, ಅದಕ್ಕೇ ಅಲ್ಲಿಯವರ ಅನ್‌ಡೂ ನಮ್ಮ ರೀಡೂ ಇರೋ ಜಾಗದಲ್ಲಿ ಕೂತಿದೆ. ಸ್ಪ್ಯಾನಿಶ್ ವರ್ಡ್‌ನಲ್ಲಿ ಸೇವ್ ಮಾಡೋಕೆ ಕಂಟ್ರೋಲ್ ಜಿ, ಯಾಕಂದ್ರೆ ಅವರ ಭಾಷೆಯಲ್ಲಿ ‘ಉಳಿಸು’ ಪದ ಆ ಅಕ್ಷರದಿಂದ ಶುರು. ಅವರವರ ಭಾಷೆಗೆ ತಕ್ಕ ಹಾಗೆ ಕೀಬೋರ್ಡೋ ಶಾರ್ಟ್‌ಕಟ್ಟೋ ಬದಲಾಯ್ತು. ನಮ್ಮಲ್ಲಿ ಮಾರಿದ್ದು ಅಮೆರಿಕದ ಕೀಬೋರ್ಡ್, ಇದ್ದದ್ದು ಇದ್ದ ಹಾಗೆ. ಕನ್ನಡಕ್ಕೆ ಅಂತ ಒಂದು ಕೀ ಯಾರೂ ಮಾಡಲಿಲ್ಲ. ಇದ್ದದ್ದರಲ್ಲೇ ಯಾವುದೋ ಒಂದನ್ನ ಕೇಳಿ ಪಡೀಬೇಕಿತ್ತು.

1998ರಲ್ಲಿ ಬಂದ ಶೇಷಾದ್ರಿವಾಸು ಅವರ ‘ಬರಹ’ದಲ್ಲಿ ಭಾಷೆ ಬದಲಿಸೋಕೆ ಎಫ್ 11. ನೋಡೋಕೆ ಒಳ್ಳೇ ಜಾಗನೇ, ಕೈಗೂ ಸಿಗುತ್ತೆ. ಆದರೆ ಬ್ರೌಸರಲ್ಲಿ ಎಫ್ 11 ಒತ್ತಿದರೆ ಪರದೆ ತುಂಬ ಹರಡುತ್ತೆ. ಎಕ್ಸೆಲ್‌ನಲ್ಲಿ ಚಾರ್ಟ್ ಹುಟ್ಟುತ್ತೆ. ಬಿಕಾಂನವರಿಗೆ ನಾನು ಹೇಳಬೇಕಾ? ಟ್ಯಾಲಿಯಲ್ಲಿ ಎಫ್ 11 ಅಂದ್ರೆ ಕಂಪನಿ ಫೀಚರ್ಸ್! ಟ್ಯಾಲಿ ಶುರುವಾಗಿದ್ದೇ 1986ರಲ್ಲಿ, ನಮ್ಮ ಬೆಂಗಳೂರಿನದೇ ಕಂಪನಿ. ಹಂಗಾಗಿ ಎಫ್ 11 ಅನ್ನೋದು ಬಾಡಿಗೆದಾರರು ಕಿಕ್ಕಿರಿದ ವಠಾರ.

ನುಡಿ ಆರಿಸಿಕೊಂಡಿದ್ದು ಸ್ಕ್ರೋಲ್ ಲಾಕ್. ಯಾವ ಸಾಫ್ಟ್‌ವೇರೂ ಅದಕ್ಕೆ ಜಗಳ ತೆಗೀತಿರಲಿಲ್ಲ, ಎಕ್ಸೆಲ್ ಒಂದನ್ನ ಬಿಟ್ಟು. ಅಲ್ಲಿ ಇವತ್ತಿಗೂ ಸ್ಕ್ರೋಲ್ ಲಾಕ್ ಆನ್ ಇದ್ದರೆ ಬಾಣದ ಕೀಗೆ ಸೆಲ್ ಬದಲಾಗಲ್ಲ, ಇಡೀ ಶೀಟ್ ಜಾರುತ್ತೆ. ಅತ್ತೆ ಇದಕ್ಕೆ ತಲೆ ಕೆಡಿಸಿಕೊಳ್ಳದೆ ಎಂಟರ್, ಟ್ಯಾಬ್‌ನಲ್ಲೇ ಓಡಾಡ್ತಾರೆ. ನನ್ನ ಪ್ರಕಾರ ಆ ಕಾಲಕ್ಕೆ ಅದಕ್ಕಿಂತ ಒಳ್ಳೇ ಆಯ್ಕೆ ಇರಲಿಲ್ಲ. ಒಂದೇ ಕೀ, ಎರಡು ಬೆರಳು ಬೇಡ, ಯಾರ ಶಾರ್ಟ್‌ಕಟ್ಟೂ ಕಸಿದಂತಾಗಲ್ಲ.

(5/5)
ಎಡವಟ್ಟಾಗಿದ್ದು ಇಲ್ಲೇ. ಯಾರಿಗೂ ಬೇಡ ಅನ್ನೋ ಕಾರಣಕ್ಕೆ ಕನ್ನಡಕ್ಕೆ ಸಿಕ್ಕಿದ ಕೀ, ಅದೇ ಕಾರಣಕ್ಕೆ ಲ್ಯಾಪ್‌ಟಾಪಿಂದ ಹೊರಗೆ ಹೋಯ್ತು. ತೆಳ್ಳಗೆ, ಚಿಕ್ಕದು ಮಾಡುವಾಗ ಮೊದಲು ಕತ್ತರಿ ಬೀಳೋದು ಇಂಥವಕ್ಕೇ. ದೂರದ ಯಾವುದೋ ಡಿಸೈನ್ ರೂಮಲ್ಲಿ ಕೂತವರಿಗೆ ಇದು ಹಳೇ ಕಾಲದ ಕಸ. ಹೊನ್ನಾಳಿಯ ಅಂಗಡಿಯೊಳಗೆ ಅದು ಕನ್ನಡದ ಸ್ವಿಚ್ ಅಂತ ಅವರಿಗೆ ಹೇಳೋರು ಯಾರು?

ಹೊಸ ದಾರಿಗಳು ಇಲ್ಲ ಅಂತಲ್ಲ. ವಿಂಡೋಸ್ 8 ಬಂದ ಮೇಲೆ ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತೆ, ಆ ಕೀ ಎಲ್ಲ ಲ್ಯಾಪ್‌ಟಾಪಲ್ಲೂ ಇದೆ. 2019ರಲ್ಲಿ ವಿಂಡೋಸ್ 10ಕ್ಕೆ ಕನ್ನಡ ಫೊನೆಟಿಕ್ ಕೀಬೋರ್ಡೂ ಸೇರಿತು. ಅತ್ತೆಗೆ ಅದನ್ನ ತೋರಿಸಿದೆ. ಹತ್ತು ನಿಮಿಷ ಕೂತು ನೋಡಿದರು. ಬೆರಳು ತಾನಾಗೇ ‘ಎಫ್’ ಹತ್ರ ಹೋಗೋದು, ಅಲ್ಲಿ ಒತ್ತು ಬರದೇ ಬೇರೆ ಏನೋ ಬರೋದು. "ಇದು ಕನ್ನಡನೇ, ಆದ್ರೆ ನನ್ ಕೈಗೆ ಪರಭಾಷೆ" ಅಂದರು. ಟ್ಯಾಲಿ ಪ್ರೈಮ್ ಬಂದು ಕ್ರೆಡಿಟ್ ನೋಟ್ ಕಂಟ್ರೋಲ್ ಎಫ್ 8ರಿಂದ ಆಲ್ಟ್ ಎಫ್ 6ಕ್ಕೆ ಹೋದಾಗ ನಮ್ಮ ಸೀನಿಯರ್ಸ್ ಗೊಣಗಿದ್ದು ನೆನಪಾಯ್ತು. ಅವರಿಗೆ ಒಂದೆರಡು ಕೀ ಬದಲಾಗಿತ್ತು ಅಷ್ಟೇ.

ಆವತ್ತಿಗೆ ಮಾಡಿದ ಉಪಾಯ ಹೇಳ್ತೀನಿ, ನಿಮ್ಮೂರಲ್ಲೂ ಇಂಥವರು ಇದ್ದರೆ ಉಪಯೋಗಕ್ಕೆ ಬರುತ್ತೆ. ವಿಂಡೋಸ್ ಕೀ, ಕಂಟ್ರೋಲ್, ‘ಓ’ ಮೂರೂ ಒಟ್ಟಿಗೆ ಒತ್ತಿದರೆ ಪರದೆ ಮೇಲೆ ಒಂದು ಕೀಬೋರ್ಡ್ ಏಳುತ್ತೆ. ಅದರಲ್ಲಿ ಸ್ಕ್ರೋಲ್ ಲಾಕ್ ಇನ್ನೂ ಬದುಕಿದೆ, ಮೌಸಿಂದ ಒತ್ತಬೇಕು. ಆದರೆ ಒಂದು ಅರ್ಜಿಗೆ ಹತ್ತು ಸಲ ಮೌಸ್ ಹಿಡಿಯೋದು ಅಂದ್ರೆ ಅತ್ತೆಗೆ ಆಗಲ್ಲ.

ಮಾರನೇ ದಿನ ದಾವಣಗೆರೆಗೆ ಹೋಗಿ ಯುಎಸ್‌ಬಿ ಕೀಬೋರ್ಡ್ ತಂದ್ವಿ. ಅಂಗಡಿಯವನು ವೈರ್‌ಲೆಸ್ದು, ದೀಪ ಮಿನುಗೋದು ಎಲ್ಲ ತೋರಿಸ್ತಾ ಇದ್ದ. ಅತ್ತೆ ಒಂದನ್ನೂ ಕಣ್ಣೆತ್ತಿ ನೋಡಲಿಲ್ಲ, ಪ್ರತಿ ಡಬ್ಬಿ ತೆಗೆಸಿ ಬಲಗಡೆ ಮೇಲಿನ ಮೂಲೆ ಮಾತ್ರ ನೋಡಿದರು. ಕೊನೆಗೆ ಒಂದು ಸಿಕ್ಕಿತು.

"ಇಂಥದ್ದು ಎರಡು ಕೊಡಪ್ಪ" ಅಂದರು. ಎರಡನೇದು ಇನ್ನೂ ಡಬ್ಬಿಯಲ್ಲೇ ಇದೆ, ಲಗ್ನಪತ್ರಿಕೆ ಸ್ಯಾಂಪಲ್‌ಗಳ ಹಿಂದೆ, ಬೀರುವಿನ ಮೇಲಿನ ಅರೆಯಲ್ಲಿ.