ಉಬ್ಬಿದ್ದು ಡಬ್ಬಿ, ಬೈಸಿಕೊಂಡಾಕಿ ನಾನು

2003ರಾಗ ನಮ್ಮನಿಗೆ ಕಂಪ್ಯೂಟರ್ ಬಂತು. ನಮ್ಮ ಅತ್ತಿಯವರು ಹೇಳತಿದ್ದ ಬೀಸೂಕಲ್ಲಿನ ಹಾಡು ಅದರಾಗ ಬರದಿಡತಿದ್ದೆ. ಅವರು ತೀರಿಕೊಂಡ ವರ್ಷಽ ಅದು ಗಳಿಗಿಗೊಮ್ಮೆ ಗಕ್ಕನ ನಿಂದ್ರಲಿಕ್ಕೆ ಹತ್ತಿತು. “ನೀನಽ ಏನರ ಒತ್ತಿರಬೇಕು” ಅಂತ ಮನ್ಯಾಗ ಎಲ್ಲಾರೂ ಬೈದ್ರು. ವೈರಸ್ ಅಂತ ಎರಡು ಸಲ ವಿಂಡೋಸ್ ಹಾಕಿಸಿದ್ರೂ ಅದಽ ಗೋಳು.

ಕಡೀಕೆ ರಿಪೇರಿ ಹುಡುಗ ಬಿಚ್ಚಿ ತೋರಿಸಿದ. ಮದರ್‌ಬೋರ್ಡ್ ಮ್ಯಾಲಿನ ಸಣ್ಣ ಸಣ್ಣ ಕೆಪ್ಯಾಸಿಟರ್ ತಲಿ ಪೂರಿಹಂಗ ಉಬ್ಬಿದ್ವು. ಕರೆಂಟು ಏರಿಳಿಯದಂಗ ನೋಡಿಕೊಳ್ಳೂದು ಅವುಗಳ ಕೆಲಸಂತ.

ಇದು ನಮ್ಮೊಬ್ಬರ ಮನಿ ಕಥಿ ಅಲ್ರಿ. 1999ರಿಂದ 2007ರ ಸುಮಾರಿಗೆ ಜಗತ್ತಿನ ತುಂಬಾ ಹಿಂಗಾತು. ‘ಕೆಪ್ಯಾಸಿಟರ್ ಪ್ಲೇಗ್’ ಅಂತಽ ಅದಕ್ಕ ಹೆಸರು. ಹೆಚ್ಚಿನವು ತೈವಾನಿನಾಗ ಮಾಡಿದ್ವು. ಒಳಗಿನ ದ್ರಾವಣದ ಹದ ತಪ್ಪಿತ್ತು. ಹೈಡ್ರೋಜನ್ ಗ್ಯಾಸ್ ಹುಟ್ಟಿ ಡಬ್ಬಿ ಉಬ್ಬತಿದ್ವು, ಒಡದು ಸೋರತಿದ್ವು.

ಹುಡುಗ ಏಳು ಕೆಪ್ಯಾಸಿಟರ್ ಕಿತ್ತು ಹೊಸಾವು ಬೆಸದ. ಡಿ ಡ್ರೈವಿನಾಗ ಇಟ್ಟಿದ್ದಕ್ಕ ಅತ್ತಿಯವರ ಹಾಡು ಉಳದ್ವು.

ನಿಮ್ಮನ್ಯಾಗೂ ಹಳೇ ಕಂಪ್ಯೂಟರ್ ಹಿಂಗ ನಿಂತ್ರ, ಮೊದಲ ಬೇಕಾದ್ದು ಪೆನ್‌ಡ್ರೈವಿಗೆ ಹಾಕ್ಕೋರಿ. ಆಮ್ಯಾಲೆ ಬಿಚ್ಚಿಸಿ ನೋಡಸ್ರಿ. ಸುಮ್ಮನ ಬೈಸಿಕೋಬ್ಯಾಡ್ರಿ.