ಅಂಕಸಮುದ್ರ ಪಕ್ಷಿ ಸಂರಕ್ಷಣಾ ಮೀಸಲು

ವಿಜಯನಗರ ಜಿಲ್ಲೆ ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರ ಗ್ರಾಮಕ್ಕೆ ಹೊಂದಿಕೊಂಡಿರುವ ನೀರಾವರಿ ಕೆರೆ. ವಿಸ್ತೀರ್ಣ 98.76 ಹೆಕ್ಟೇರು. ಕಟ್ಟಿದ್ದು ಶತಮಾನಗಳ ಹಿಂದೆ, ಬೇಸಾಯಕ್ಕಾಗಿ. 2017ರಲ್ಲಿ ಸಂರಕ್ಷಣಾ ಮೀಸಲೆಂದು ಘೋಷಿತವಾಯಿತು. ಅಘನಾಶಿನಿ ಅಳಿವೆ ಮತ್ತು ಗದಗ ಜಿಲ್ಲೆಯ ಮಾಗಡಿ ಕೆರೆಯ ಜೊತೆಗೆ ಇದೂ ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿದ್ದನ್ನು ಕೇಂದ್ರ ಸರ್ಕಾರ 2024ರ ಜನವರಿ 31ರಂದು ಪ್ರಕಟಿಸಿತು. ಅಲ್ಲಿಯವರೆಗೆ ಕರ್ನಾಟಕದಿಂದ ಆ ಪಟ್ಟಿಯಲ್ಲಿದ್ದದ್ದು ರಂಗನತಿಟ್ಟು ಮಾತ್ರ.

ಜೀವಸಂಪತ್ತು

ಕೆರೆಯಂಗಳದ ಜಾಲಿ ಮರಗಳಲ್ಲಿ ನೀರುಹಕ್ಕಿಗಳು ಗೂಡು ಕಟ್ಟುತ್ತವೆ. ಅಧಿಕೃತ ವಿವರದಂತೆ ಇಲ್ಲಿ 240 ಜಾತಿಯ ಹಕ್ಕಿಗಳು, 41 ಜಾತಿಯ ಮೀನುಗಳಿವೆ. ಗೂಡು ಕಟ್ಟುವ, ರಾತ್ರಿ ತಂಗುವ ನೀರುಹಕ್ಕಿಗಳು 30,000ಕ್ಕೂ ಹೆಚ್ಚು.

ಆಯ್ಕೆಯ ಮಾನದಂಡ

ಇರಾನಿನ ರಾಮ್ಸಾರ್ ಪಟ್ಟಣದಲ್ಲಿ 1971ರ ಫೆಬ್ರವರಿ 2ರಂದು ಈ ಪಟ್ಟಿಗೆ ಆಧಾರವಾದ ಜೌಗು ನೆಲಗಳ ಒಡಂಬಡಿಕೆಗೆ ಸಹಿ ಬಿದ್ದಾಗ, ಯಾವ ಜೌಗು ನೆಲ ಅಂತರರಾಷ್ಟ್ರೀಯ ಮಹತ್ವದ್ದೆಂದು ತೀರ್ಮಾನಿಸಲು ಸಂಖ್ಯೆಯ ಗಡಿ ಇರಲಿಲ್ಲ. 1974ರ ಡಿಸೆಂಬರಿನಲ್ಲಿ ಜರ್ಮನಿಯ ಹೈಲಿಗೆನ್‌ಹಾಫೆನ್ ಸಭೆಯಲ್ಲಿ ಶೇ. 1ರ ನಿಯಮ ರೂಪುಗೊಂಡಿತು: ಒಂದು ಜಾತಿಯ ಅಥವಾ ಉಪಜಾತಿಯ ಒಂದು ಸಮುದಾಯದಲ್ಲಿ ನೂರಕ್ಕೊಂದರಷ್ಟು ಹಕ್ಕಿಗಳು ನಿಯಮಿತವಾಗಿ ಬಂದರೆ ಸಾಕು, ಆ ತಾಣ ಅರ್ಹ. ಶೇ. 1 ಎಂಬುದರ ಹಿಂದೆ ಜೀವವಿಜ್ಞಾನದ ಕಟ್ಟುನಿಟ್ಟಾದ ಸಿದ್ಧಾಂತವೇನೂ ಇದ್ದಂತಿಲ್ಲ. ಬಳಸಿ ನೋಡಿ ಒಪ್ಪಿಕೊಂಡ ಗಡಿ ಎನ್ನಬಹುದು. ಅದರ ಬಲ ಬೇರೆಡೆ ಇದೆ. ದುರ್ಬೀನು ಹಿಡಿದು ಏರಿಯ ಮೇಲೆ ನಿಂತವರೂ ಅದನ್ನು ಪರೀಕ್ಷಿಸಬಹುದು. ಛೇದದ ಅಂಕಿ, ಅಂದರೆ ಇಡೀ ಸಮುದಾಯದ ಹಕ್ಕಿಗಳ ಸಂಖ್ಯೆ, ಮಾತ್ರ ಹೊರಗಿನಿಂದ, ವೆಟ್‌ಲ್ಯಾಂಡ್ಸ್ ಇಂಟರ್‌ನ್ಯಾಶನಲ್ ಪ್ರಕಟಿಸುವ ಅಂದಾಜುಗಳಿಂದ ಬರಬೇಕು. ಅಂಕಸಮುದ್ರ ಈ ಗಡಿ ದಾಟಿದ್ದು ಬಣ್ಣದ ಕೊಕ್ಕರೆ ಹಾಗೂ ಕರಿತಲೆಯ ಬಿಳಿ ಕೆಂಬರಲುಗಳಿಂದ. 20,000 ನೀರುಹಕ್ಕಿಗಳೆಂಬ ಇನ್ನೊಂದು ಮಾನದಂಡಕ್ಕೂ ಇಲ್ಲಿ ಕೊರತೆಯಿಲ್ಲ.

ಒಡಂಬಡಿಕೆಗೆ ಸಲಹೆ ನೀಡುವ ವೈಜ್ಞಾನಿಕ ಮತ್ತು ತಾಂತ್ರಿಕ ಪರಿಶೀಲನಾ ಮಂಡಳಿ ಸ್ಥಾಪನೆಯಾದದ್ದು 1993ರಲ್ಲಿ, ಜಪಾನಿನ ಕುಶಿರೊ ಸಮ್ಮೇಳನದ ನಿರ್ಣಯದಂತೆ. ತಾಣಗಳನ್ನು ಹೆಸರಿಸುವ ಅಧಿಕಾರ ಅದಕ್ಕಿಲ್ಲ. ಹೆಸರಿಸುವುದು ಆಯಾ ದೇಶದ ಕೆಲಸ.

ನಿರ್ವಹಣೆ

ಕೆರೆಯ ಮೇಲೆ ಕಾನೂನಿನ ಹಿಡಿತ ಇರುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ 36ಎ ಕಲಮಿನಿಂದ. ಮೀಸಲಿನ ಘೋಷಣೆಗೆ ಮುನ್ನ ಸ್ಥಳೀಯರೊಡನೆ ಸಮಾಲೋಚನೆ ನಡೆಯಬೇಕು. ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯ ಪ್ರತಿನಿಧಿ ಇರಬೇಕು. ಕೆರೆಯೊಂದರ ಮಟ್ಟಿಗೆ ರಾಮ್ಸಾರ್ ಮುದ್ರೆಗಿಂತ ಸ್ಥಳೀಯರಿಗಿರುವ ಈ ಪಾತ್ರವೇ ದೊಡ್ಡದು.

ಸಾಗರಕ್ಕೆ ವಿಸ್ತರಣೆ

ಒಡಂಬಡಿಕೆಯ ವ್ಯಾಖ್ಯೆಯಲ್ಲಿ ಇಳಿತದ ವೇಳೆ 6 ಮೀಟರ್ ಮೀರದ ಆಳದ ಸಮುದ್ರವೂ ಸೇರಿದೆ. ಹೀಗಾಗಿ ಉತ್ತರ ಕನ್ನಡದ 4,801 ಹೆಕ್ಟೇರಿನ ಅಘನಾಶಿನಿ ಅಳಿವೆಯೂ ಹಗರಿಬೊಮ್ಮನಹಳ್ಳಿಯ ಕೆರೆಯೂ ಒಂದೇ ಪಟ್ಟಿಯಲ್ಲಿವೆ. ಅದಕ್ಕೂ ಆಳದ ಸಾಗರಕ್ಕೆ ವಿಶ್ವಸಂಸ್ಥೆಯ ಸಾಗರ ಮೌಲ್ಯಮಾಪನ ವರದಿಗಳಿವೆ; ಎರಡನೆಯದು ಬಂದದ್ದು 2021ರಲ್ಲಿ. ವಿಜ್ಞಾನವನ್ನೂ ನೀತಿಯನ್ನೂ ಬೆಸೆಯುವ ಸಾಗರ ಸುಸ್ಥಿರತೆಯ ಅಂತರರಾಷ್ಟ್ರೀಯ ವೇದಿಕೆಯ ಪ್ರಸ್ತಾವ 2025ರ ಜೂನ್‌ನಲ್ಲಿ ಫ್ರಾನ್ಸಿನ ನೀಸ್‌ನಲ್ಲಿ ನಡೆದ ಸಾಗರ ಸಮ್ಮೇಳನದ ಹೊತ್ತಿಗೆ ಮುನ್ನೆಲೆಗೆ ಬಂತು. ಕರಾವಳಿಯ ಮೀನುಗಾರರು ತಾವೇ ಎಣಿಸಿ ತಾಳೆ ನೋಡಬಲ್ಲ ಶೇ. 1ರಂಥ ಸರಳ ಗಡಿ ಸಾಗರದ ವಿಷಯದಲ್ಲಿ ಇನ್ನೂ ರೂಢಿಗೆ ಬಂದಿಲ್ಲ.