ಪುಸ್ತಕ ಹೇಳಿದ್ದು, ಕೈ ಕಲಿಸಿದ್ದು

1945ರಲ್ಲಿ ಅಮೆರಿಕದಲ್ಲಿ ಒಂದು ತೆಳು ಪುಸ್ತಕ ಪ್ರಕಟವಾಯಿತು. ಹೆಸರು ‘ರಿಟರ್ನ್ ಟು ಲೈಫ್ ಥ್ರೂ ಕಂಟ್ರಾಲಜಿ’. ಬರೆದವರು ಜೋಸೆಫ್ ಪಿಲಾಟೀಸ್ ಮತ್ತು ವಿಲಿಯಂ ಜಾನ್ ಮಿಲ್ಲರ್. ಚಾಪೆ ಹಾಸಿಕೊಂಡು ಮಾಡುವ 34 ವ್ಯಾಯಾಮಗಳನ್ನು ಅದು ಫೋಟೋ ಸಮೇತ ವಿವರಿಸುತ್ತಿತ್ತು. ಫೋಟೋಗಳಲ್ಲಿ ಬಾಗಿದವರು, ಉರುಳಿದವರು, ಕಾಲೆತ್ತಿದವರು ಅರವತ್ತರ ಆಸುಪಾಸಿನ ಪಿಲಾಟೀಸರೇ. ಓದುಗರು ಇದನ್ನು ನೋಡಿಕೊಂಡು ಮನೆಯಲ್ಲೇ ಅಭ್ಯಾಸ ಮಾಡಬಹುದು ಎಂಬುದು ಪುಸ್ತಕದ ಭರವಸೆ.

ಪಿಲಾಟೀಸ್ ಕಲಿಯಲು ಕ್ಲಾಸಿಗೇ ಹೋಗಬೇಕೋ, ಮೊಬೈಲಿನ ಮುಂದೆ ಚಾಪೆ ಹಾಸಿದರೆ ಸಾಕೋ ಎಂದು ಇಂದು ಅನೇಕರು ಕೇಳುತ್ತಾರೆ. ಪ್ರಶ್ನೆ ಆ ಪುಸ್ತಕದಷ್ಟೇ ಹಳೆಯದು. ದೂರದವರಿಗೆ ಪುಸ್ತಕ ಬರೆದ ಮನುಷ್ಯ, ಹತ್ತಿರ ಬಂದವರಿಗೆ ಕಲಿಸಿದ ರೀತಿಯೇ ಬೇರೆಯಾಗಿತ್ತು.

ಪಿಲಾಟೀಸ್ ಹುಟ್ಟಿದ್ದು 1883ರಲ್ಲಿ, ಜರ್ಮನಿಯ ಮೊಂಚೆನ್‌ಗ್ಲಾಡ್‌ಬಾಖ್‌ನಲ್ಲಿ. ಬಾಲ್ಯದಲ್ಲಿ ಅಶಕ್ತರಾಗಿದ್ದ ಅವರು ಹಟ ಹಿಡಿದು ಮೈ ಬೆಳೆಸಿಕೊಂಡರಂತೆ. ಮೊದಲ ಮಹಾಯುದ್ಧ ಶುರುವಾದಾಗ ಇಂಗ್ಲೆಂಡಿನಲ್ಲಿದ್ದರು. ಶತ್ರು ದೇಶದ ಪ್ರಜೆ ಎಂಬ ಕಾರಣಕ್ಕೆ ಬ್ರಿಟಿಷರು ಅವರನ್ನು ಬಂಧಿಸಿದರು. ಆ ವರ್ಷಗಳ ಹೆಚ್ಚಿನ ಭಾಗ ಕಳೆದದ್ದು ಐಲ್ ಆಫ್ ಮ್ಯಾನ್ ದ್ವೀಪದ ನಾಕಲೋ ಶಿಬಿರದಲ್ಲಿ. ಅಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿ ಸೆರೆಯಲ್ಲಿದ್ದರು. ಹಾಸಿಗೆ ಹಿಡಿದವರಿಗೆ ಮಂಚದ ಸ್ಪ್ರಿಂಗುಗಳನ್ನೇ ಕಟ್ಟಿ ವ್ಯಾಯಾಮ ಮಾಡಿಸಿದರು ಎಂಬ ಕಥೆ ಅಲ್ಲಿಂದಲೇ ಬಂದದ್ದು. ಕಥೆ ಎಷ್ಟು ನಿಜವೋ, ಮುಂದೆ ಅವರು ಕಟ್ಟಿದ ಉಪಕರಣಗಳ ಜೀವ ಮಾತ್ರ ಸ್ಪ್ರಿಂಗೇ.

1926ರಲ್ಲಿ ಅವರು ನ್ಯೂಯಾರ್ಕಿಗೆ ಬಂದರು. ಸಂಗಾತಿ ಕ್ಲಾರಾ ಜೊತೆ ಎಂಟನೇ ಅವೆನ್ಯೂದ 939ನೇ ನಂಬರಿನ ಕಟ್ಟಡದಲ್ಲಿ ಸ್ಟುಡಿಯೋ ತೆರೆದರು. ಸುತ್ತಮುತ್ತ ನೃತ್ಯಶಾಲೆಗಳಿದ್ದವು. ಕಾಲು ಉಳುಕಿದ, ಮಂಡಿ ನೋಯುವ, ಬೆನ್ನು ಹಿಡಿದ ನರ್ತಕರು ಅಲ್ಲಿಗೆ ಬರತೊಡಗಿದರು. ಜಾರ್ಜ್ ಬ್ಯಾಲಂಚೀನ್, ಮಾರ್ಥಾ ಗ್ರಹಾಂ ಅವರಂಥ ದೊಡ್ಡ ನೃತ್ಯಗುರುಗಳ ಶಿಷ್ಯರೂ ಅವರಲ್ಲಿದ್ದರು.

ಅಲ್ಲಿ ಎಲ್ಲರಿಗೂ ಒಂದೇ ಪಾಠವಿರಲಿಲ್ಲ. ನೋವಿದ್ದವರಿಗೆ ಒಂದನ್ನು ಬಿಡಿಸಿ ಇನ್ನೊಂದನ್ನು ಕೊಡುತ್ತಿದ್ದರು. ರಿಫಾರ್ಮರ್ ಎಂಬ ಉಪಕರಣ ಇದಕ್ಕೆ ಅನುಕೂಲವಾಗಿತ್ತು. ಅದು ಹಳಿಯ ಮೇಲೆ ಹಿಂದೆ ಮುಂದೆ ಜಾರುವ ಒಂದು ಹಲಗೆ; ಒಂದು ತುದಿಯನ್ನು ಸ್ಪ್ರಿಂಗುಗಳು ಹಿಡಿದಿರುತ್ತವೆ. ಬಲಶಾಲಿಗೆ ಸ್ಪ್ರಿಂಗು ಎದುರಾಳಿ, ಅಶಕ್ತನಿಗೆ ಊರುಗೋಲು. ಯಾರಿಗೆ ಎಷ್ಟು ಸ್ಪ್ರಿಂಗು ಎಂಬುದನ್ನು ನೋಡಿ ತೀರ್ಮಾನಿಸಲು ಮಾತ್ರ ಪಕ್ಕದಲ್ಲಿ ಒಬ್ಬರು ಬೇಕು.

ಪುಸ್ತಕದ ಮೂಲಕ ಮನೆಗೆ ಹೋದದ್ದು ಚಾಪೆಯ ಪಾಠ. ಚಾಪೆ ಸುಲಭ, ಯಂತ್ರ ಕಷ್ಟ ಎಂದು ಹೊರಗಿನವರಿಗೆ ಅನ್ನಿಸುತ್ತದೆ. ಹೊಸಬರ ಮಟ್ಟಿಗೆ ಅನೇಕ ಸಲ ಇದು ತಿರುಗುಮುರುಗು. ಚಾಪೆಯ ಮೇಲೆ ಆಸರೆಯಿಲ್ಲ, ಮೈಯ ಭಾರವನ್ನೆಲ್ಲ ಮೈಯೇ ಹೊರಬೇಕು. ಪುಸ್ತಕದ ಮೊದಲ ವ್ಯಾಯಾಮ ‘ಹಂಡ್ರೆಡ್’ ಅನ್ನೇ ನೋಡಬಹುದು. ಅಂಗಾತ ಮಲಗಿ, ತಲೆಯನ್ನೂ ಕಾಲುಗಳನ್ನೂ ನೆಲದಿಂದ ಎತ್ತಿ, ತೋಳುಗಳನ್ನು ಮೇಲೆ ಕೆಳಗೆ ಆಡಿಸುತ್ತ, ಐದು ಎಣಿಕೆಗೆ ಉಸಿರು ತೆಗೆದುಕೊಂಡು ಐದು ಎಣಿಕೆಗೆ ಬಿಡಬೇಕು, ನೂರರವರೆಗೆ. 20ರಿಂದ ಶುರುಮಾಡಿ ಮೆಲ್ಲಗೆ ಏರಿಸಿ ಎಂದು ಪುಸ್ತಕವೂ ಎಚ್ಚರಿಸುತ್ತದೆ. ಆದರೆ ಓದುಗನ ಸೊಂಟ ನೆಲ ಬಿಟ್ಟು ಕಮಾನಾಗಿದೆ, ಹೊಟ್ಟೆ ಮಾಡಬೇಕಾದ ಕೆಲಸವನ್ನು ಕುತ್ತಿಗೆ ಮಾಡುತ್ತಿದೆ ಎಂಬುದು ಪುಸ್ತಕಕ್ಕೆ ಕಾಣುವುದಿಲ್ಲ. ಮಾಡುವವನಿಗೂ ಅದು ಗೊತ್ತಾಗುವುದು ಮಾರನೆಯ ದಿನ, ಕುತ್ತಿಗೆ ಹಿಡಿದಾಗ.

ಪಿಲಾಟೀಸ್ 1967ರಲ್ಲಿ ತೀರಿಕೊಂಡರು. ವಿದ್ಯೆಯನ್ನು ಮುಂದಕ್ಕೆ ಒಯ್ದವರು ಸ್ಟುಡಿಯೋದಲ್ಲಿ ಅವರ ಕೈಕೆಳಗೆ ಪಳಗಿದ ಕೆಲವೇ ಮಂದಿ. ಕಾಲಿನ ಗಾಯದಿಂದಾಗಿ ಅಲ್ಲಿಗೆ ಬಂದ ಬ್ಯಾಲೆ ವಿದ್ಯಾರ್ಥಿನಿ ರೊಮಾನಾ ಕ್ರಿಜನೋವ್‌ಸ್ಕಾ ಮುಂದೆ ಅದೇ ಸ್ಟುಡಿಯೋ ನಡೆಸಿದರು. ಮಂಡಿನೋವಿನಿಂದ ಬಂದ ನರ್ತಕ ರಾನ್ ಫ್ಲೆಚರ್ 1970ರ ದಶಕದಲ್ಲಿ ಬೆವರ್ಲಿ ಹಿಲ್ಸ್‌ನಲ್ಲಿ ಸ್ಟುಡಿಯೋ ತೆರೆದರು. ಈವ್ ಜೆಂಟ್ರಿ ಅದನ್ನು ನ್ಯೂ ಮೆಕ್ಸಿಕೋಗೆ ಒಯ್ದರು. ಒಬ್ಬ ಗುರುವಿನ ಈ ಶಿಷ್ಯರು ಕಲಿಸಿದ ರೀತಿ ಒಂದೇ ಆಗಿರಲಿಲ್ಲ. ಅವರವರ ಮೈಗೆ ಗುರು ಕೊಟ್ಟದ್ದೇ ಬೇರೆ ಬೇರೆಯಾಗಿದ್ದಾಗ ಅದು ಸಹಜವೇ.

2000ದಲ್ಲಿ ನ್ಯೂಯಾರ್ಕಿನ ಫೆಡರಲ್ ಕೋರ್ಟ್ ಇನ್ನೊಂದು ಬಾಗಿಲು ತೆರೆಯಿತು. ಪಿಲಾಟೀಸ್ ಎಂಬುದು ಯೋಗ, ಕರಾಟೆಗಳಂತೆ ಒಂದು ವ್ಯಾಯಾಮ ಪದ್ಧತಿಯ ಹೆಸರು, ಅದನ್ನು ಯಾರೊಬ್ಬರೂ ಟ್ರೇಡ್‌ಮಾರ್ಕ್ ಮಾಡಿಕೊಳ್ಳುವಂತಿಲ್ಲ ಎಂದಿತು ತೀರ್ಪು. ಹೆಸರು ಎಲ್ಲರದಾಯಿತು. ಅಂದಿನಿಂದ ಬೋರ್ಡು ನೋಡಿ ಒಳಗಿನ ಪಾಠ ಎಂಥದೆಂದು ಹೇಳಲಾಗದು. ಕಲಿಸುವವರು ಯಾರ ಬಳಿ ಕಲಿತರು ಎಂದು ವಿಚಾರಿಸುವುದು ಕಲಿಯುವವರ ಪಾಲಿಗೆ ಬಂತು.

2020ರಲ್ಲಿ ಕೊರೊನಾ ಸ್ಟುಡಿಯೋಗಳಿಗೆ ಬೀಗ ಹಾಕಿಸಿದಾಗ ಪಾಠ ಪರದೆಗೆ ಬಂತು. ಬಂದದ್ದು ಮುಖ್ಯವಾಗಿ ಚಾಪೆಯ ಪಾಠವೇ. ರಿಫಾರ್ಮರುಗಳು ಬೀಗದ ಒಳಗೇ ಉಳಿದವು, 1945ರಲ್ಲಿ ಪುಸ್ತಕದಿಂದ ಹೊರಗುಳಿದ ಹಾಗೆ.

ಹಾಗೆಂದು ಪರದೆ ಪುಸ್ತಕಕ್ಕೆ ಸಮವಲ್ಲ. ನೇರಪ್ರಸಾರದ ಸಣ್ಣ ಕ್ಲಾಸಿನಲ್ಲಿ, ಕ್ಯಾಮೆರಾವನ್ನು ಪಕ್ಕಕ್ಕಿಟ್ಟು ಮಲಗಿದರೆ ಸೊಂಟ ಎತ್ತಿದ್ದು ಶಿಕ್ಷಕರಿಗೆ ಕಾಣುತ್ತದೆ. ಕಣ್ಣು ಮರಳಿ ಬಂತು, ಕೈ ಬರಲಿಲ್ಲ. ಮೊದಲೇ ಚಿತ್ರಿಸಿಟ್ಟ ವಿಡಿಯೋದಲ್ಲಿ ಕಣ್ಣೂ ಇಲ್ಲ. ಅದು ಅಲುಗಾಡುವ ಪುಸ್ತಕ ಅಷ್ಟೇ. ಊರಲ್ಲಿ ಸ್ಟುಡಿಯೋ ಇಲ್ಲದವರಿಗೆ, ಮಗು ಬಿಟ್ಟು ಹೊರಡಲಾಗದವರಿಗೆ, ಅಡಿಪಾಯ ಗಟ್ಟಿಯಾಗಿ ದಿನದಿನದ ಅಭ್ಯಾಸವಷ್ಟೇ ಬೇಕಾದವರಿಗೆ ಮನೆಯ ಚಾಪೆ ದೊಡ್ಡ ಅನುಕೂಲ. ಬೆನ್ನುನೋವಿರುವವರು, ಹೆರಿಗೆಯಾದವರು, ಹಳೆಯ ಪೆಟ್ಟಿರುವವರು ಮಾತ್ರ ಮೊದಲ ಕೆಲವು ತಿಂಗಳಾದರೂ ಎದುರಿಗೆ ಕೂತು ಕಲಿಯುವುದು ಕ್ಷೇಮ. ಎಂಟನೇ ಅವೆನ್ಯೂದ ಮೆಟ್ಟಿಲು ಹತ್ತಿ ಬಂದ ಎಷ್ಟೋ ನರ್ತಕರು ಇಂಥವರೇ. ಅವರಿಗೆ ಆಗ ಬೇಕಾಗಿದ್ದದ್ದು ಮೂವತ್ತನಾಲ್ಕು ವ್ಯಾಯಾಮಗಳಲ್ಲಿ ಸದ್ಯಕ್ಕೆ ಯಾವುದನ್ನು ಮಾಡಬಾರದು ಎಂದು ಹೇಳುವ ಒಬ್ಬರು.